ಮೇಣದ ಮುಖ

ತಿಬೇರಿಯೊ ಮೇಣದ ತಲೆಯನ್ನು ಹುಲ್ಲು ತುಂಬಿದ ಕರಿ ನಿಲುವಂಗಿಯ ಕೊರಳಿಗೆ ಒತ್ತಿ ಕೂರಿಸುತ್ತಿದ್ದಾಗ ವಿಯೊಲಾಂತೆ ಚಟ್ಟದ ಬಳಿ ಬಂದಳು. ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು.

"ಇದ್ಯಾರೋ?"

"ಗುರುಗಳು, ಅಕ್ಕ."

"ನಮ್ಮಣ್ಣ ಯಾವತ್ತು ಇಷ್ಟು ಚೆನ್ನಾಗಿದ್ದ?"

ಮೂಲೆಯಲ್ಲಿದ್ದ ಚಿಕ್ಕಮ್ಮ ಮುಸುಕಿನೊಳಗೇ ನಕ್ಕಳು. ತಿಬೇರಿಯೊನ ಕಿವಿ ಕೆಂಪಾಯಿತು. ಶಿಲ್ಪಕಲೆಯ ಬಗ್ಗೆ ಗುರುಗಳೇ ಬರೆದ ಪುಸ್ತಕವನ್ನು ಮುಂದಿಟ್ಟುಕೊಂಡು ಮಾಡಿದ್ದೇನೆ ಎಂದ. ಉದಾರಿಗೆ ಇಂಥ ಹಣೆ, ವಿದ್ವಾಂಸನಿಗೆ ಇಂಥ ಮೂಗು. ಸ್ವಭಾವ ಮುಖದಲ್ಲಿ ಅಚ್ಚೊತ್ತಿರುತ್ತದೆ ಎಂದು ಕಲಿಸಿದವರು ಅವರೇ ಅಲ್ಲವೇ?

ವಿಯೊಲಾಂತೆ ಗೊಂದಲಕ್ಕೆ ಬಿದ್ದಳು. ಇದು ತನ್ನಣ್ಣ ಲೇಲಿಯೊ ಅಲ್ಲ. ಹಾಗಾದರೆ ಹೇಗಿದ್ದ? ಕಣ್ಣು ಮುಚ್ಚಿದರೆ ಏನೂ ಕಾಣಲಿಲ್ಲ.

*

ಚಳಿಗಾಲದಲ್ಲಿ ಅವನು ಹೊರಟಾಗ ಅವಳು ಮೀನು ಹೆರೆಯುತ್ತಿದ್ದಳು. ಎಲ್ಲರಿಗೂ ಮಾಡುವಂತೆ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ, ಹೆಬ್ಬೆರಳಿನಿಂದ ಹಣೆ ಅಳೆದ.

"ಎಲ್ಲಾ ಅಳತೇನೂ ತಪ್ಪು ನಿಂದು. ಆದ್ರೂ ಎಂಥಾ ಜನಜಂಗುಳೀಲೂ ಗುರುತು ಸಿಗ್ತೀಯ."

ಕೈಯೆಲ್ಲ ಮೀನು, ಆಚೆ ಹೋಗು ಎಂದು ಅವಳು ಗದರಿದಳು. ತಲೆಯೆತ್ತಿ ನೋಡಲಿಲ್ಲ. ಸೊರೆಂಟೊದ ಕಡಲಂಚಿನ ದಾರಿಯಿಂದ ಅವನು ಏರಿಹೋದ ಹೇಸರಗತ್ತೆ ಒಂದೇ ವಾಪಸು ಬಂತು. ಬಂಡೆಗಳ ಸಂದಿಯಲ್ಲಿ, ದೋಣಿಗಳಲ್ಲಿ ಎಷ್ಟು ಹುಡುಕಿದರೂ ಅವನು ಸಿಗಲಿಲ್ಲ.

*

ಈಗ ಉರಿಬೇಸಿಗೆ. ಶವವಿಲ್ಲದಿದ್ದರೂ ಅಂತ್ಯಕ್ರಿಯೆ ಮಾಡಬಹುದು ಎಂದು ಬಿಷಪ್ಪರಿಂದ ಅಪ್ಪಣೆ ಬಂದಿತ್ತು. ಒಡಹುಟ್ಟಿದವಳು ಬೊಂಬೆಯ ಹಣೆಗೆ ಮುತ್ತಿಟ್ಟ ಮೇಲೆ ಇಗರ್ಜಿಯ ಗಂಟೆ. ಗಂಟೆಯಾದರೆ ಲೇಲಿಯೊ ಸತ್ತಂತೆ.

ಪಾದ್ರಿ ಹಣೆ ಒರೆಸಿಕೊಂಡರು. "ಮುತ್ತಿಡಮ್ಮ. ಹೊತ್ತಾಗ್ತಿದೆ."

"ಇದು ಅವನೇ ಅಲ್ಲದಿದ್ರೆ, ಸ್ವಾಮಿ?"

ಪಾದ್ರಿ ತಿಬೇರಿಯೊನ ಮುಖ ನೋಡಿದರು, ತಿಬೇರಿಯೊ ನೆಲ ನೋಡಿದ.

"ಇಟ್ಟುಬಿಡೇ," ಎಂದಳು ಚಿಕ್ಕಮ್ಮ. "ಬಂದ್ರೆ ಬರ್ಲಿ, ಇಷ್ಟು ದಿನ ಎಲ್ಲಿ ಸತ್ತಿದ್ದೆ ಅಂತ ಆಮೇಲೆ ಬೈಯೋಣ."

ಯಾರೋ ಅಪರಿಚಿತನ ಹಣೆ ತಾನೇ ಎಂದುಕೊಂಡು ವಿಯೊಲಾಂತೆ ಬಾಗಿದಳು. ತಲೆಯ ಎರಡೂ ಪಕ್ಕದಲ್ಲಿ ದಪ್ಪ ಮೇಣದಬತ್ತಿಗಳು ಉರಿಯುತ್ತಿದ್ದವು. ಆ ಕಾವಿಗೆ ಬೊಂಬೆಯ ಕೆನ್ನೆ ಬೆವೆತಂತೆ ಹೊಳೆಯಿತು. ಕೆಳದುಟಿ ನಿಧಾನವಾಗಿ ಸಡಿಲಗೊಂಡು ಒಂದು ಪಕ್ಕಕ್ಕೆ ಜೋತುಬಿತ್ತು. ಪುಸ್ತಕ ಎದೆಯ ಮೇಲಿಟ್ಟುಕೊಂಡು ತೂಕಡಿಸುವಾಗ ಲೇಲಿಯೊನ ಬಾಯಿ ಹೀಗೇ ಬಿಚ್ಚಿಕೊಳ್ಳುತ್ತಿತ್ತು.

ಅವಳು ತಟ್ಟನೆ ಹಿಂದೆ ಸರಿದಳು. ಒಂದು ಬತ್ತಿಯನ್ನು ಊದಿ ಆರಿಸಿದಳು. ಇನ್ನೊಂದನ್ನೂ ಆರಿಸಿದಳು. ಪಾದ್ರಿ ಏನೋ ಕೇಳುತ್ತಿದ್ದರು. ಅವಳು ಮುಸುಕಿನ ತುದಿ ಹಿಡಿದು, ಇನ್ನು ಕರಗದಂತೆ, ಆ ಮುಖಕ್ಕೆ ಜೋರುಜೋರಾಗಿ ಗಾಳಿ ಬೀಸತೊಡಗಿದಳು.