ಬಿಸಿಗಲ್ಲಿನ ಮೇಲೆ

ಅಣ್ಣನ ಗಾಜಿನ ಪೆಟ್ಟಿಗೆಯಲ್ಲಿದ್ದ ಎರಡು ಸಾಕುಹಲ್ಲಿಗಳಲ್ಲಿ ದೊಡ್ಡದು, ಕರೆಂಟಿನಿಂದ ಕಾಯುವ ಬಿಸಿಗಲ್ಲಿನ ಮೇಲೆ ಚಿಕ್ಕದರ ಬೆನ್ನೇರಿ ಕೂತಿತ್ತು.

“ನೋಡೇ, ಎಷ್ಟು ಅನ್ಯೋನ್ಯವಾಗಿವೆ!” ಎಂದು ಅಣ್ಣ ಬೀಗಿದ.

“ಅನ್ಯೋನ್ಯ ಅಲ್ಲ ಕಣೋ, ಅದರ ಕಾವು ಕಿತ್ಕೊಳ್ತಿದೆ. ಚಿಕ್ಕದರ ಬಾಲ ಎಲ್ಲೋಯ್ತು, ಹೇಳು?” ಎಂದಳು ತಂಗಿ.

ಅಡುಗೆಮನೆಯಿಂದ ಅಮ್ಮನೇ ಉತ್ತರ ಕೊಟ್ಟಳು: “ಹೊಂದ್ಕೊಂಡು ಹೋಗ್ತವೆ ಬಿಡೇ.”

ಕಿಟಕಿ ಪಕ್ಕದ ಜಾಗ ಅಣ್ಣನಿಗೆ ಸಿಕ್ಕು, ತನ್ನ ಹಾಸಿಗೆ ಬಾಗಿಲ ಸಂದಿಗೆ ಸರಿದಾಗಲೂ ತಂಗಿ ಕೇಳಿದ್ದು ಇದೇ ಮಾತು. ಅಂದು ಸುಮ್ಮನಿದ್ದಳು.

ಇಂದು ತನ್ನ ಬಟ್ಟೆಯ ಪ್ಲಾಸ್ಟಿಕ್ ಡಬ್ಬ ಬರಿದು ಮಾಡಿ, ಚಿಕ್ಕದನ್ನು ಅಂಗೈಯಲ್ಲಿ ಎತ್ತಿ ಅದರೊಳಗೆ ಬಿಟ್ಟಳು. ಅಣ್ಣನ ಓದುವ ದೀಪ ತಂದು, ಕಾವು ತಾಗುವಂತೆ ಬಾಗಿಸಿಟ್ಟಳು.

“ಏಯ್, ನನ್ನ ದೀಪ! ನಾನು ಹೇಗೆ ಓದ್ಲಿ?”

“ಹೊಂದ್ಕೊಂಡು ಹೋಗು,” ಎಂದಳು.