ದಿನಕ್ಕೊಮ್ಮೆ ದಾಟುವ ತೆಪ್ಪ

ಫೈಸಲ್ ತೀರಿಕೊಂಡ ಅಪ್ಪನ ಭುಜದ ಮೇಲೆ ಕರ್ಪೂರ ಬೆರೆಸಿದ ನೀರು ಸುರಿಯುತ್ತಿದ್ದಾಗ ಪರದೆಯಾಚೆಯಿಂದ ತಂಗಿ ರುಬೀನಾ ಕರೆದಳು.

"ಭಾಯ್, ಹೊಳೆದಂಡೆ ಹಾಡಿಯಿಂದ ನಿಂಗಿ ಅನ್ನೋರು ಬಂದವ್ರೆ. ಅಬ್ಬಾದು ಹುಟ್ಟು ಬೇಕಂತೆ."

"ಏನು ಬೇಕಂತೆ?"

"ತೆಪ್ಪದ ಹುಟ್ಟು."

ಫೈಸಲ್ ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟ. ಹುಟ್ಟು ಕೇಳುವ ದಿನವೇ ಇದು ಎನಿಸಿತು. ಮಯ್ಯತ್‌ಗೆ ಕಫನ್ನಿನ ಬಿಳಿ ಬಟ್ಟೆ ಹೊದಿಸಿ ಮುಗಿಸಿ ಹೊರಗೆ ಬಂದಾಗ, ನಿಂಗಿಯೂ ಅವಳ ಮಗ ನಂಜುಂಡನೂ ಜಗಲಿ ಹತ್ತದೆ ಚರಂಡಿಯ ಪಕ್ಕ ನಿಂತಿದ್ದರು. ನಿಂಗಿಯ ಕಣ್ಣುಗಳು ಅತ್ತು ಊದಿಕೊಂಡಿದ್ದವು.

"ಇವತ್ತು ಇನ್ನೂ ತೆಪ್ಪ ಬುಟ್ಟಿಲ್ಲ ಕಣಪ್ಪ," ಎಂದಳು.

"ಆಚೆಗೆ ಹೋಗ್ಬೇಕಾ? ಸೇತುವೆ ಐತಲ್ಲ. ಆಟೋದವನಿಗೆ ಹೇಳ್ತೀನಿ."

"ದಾಟಕ್ಕಲ್ಲ. ನಮ್ಮಾಡಿ ಈ ದಡದಲ್ಲೇ ಐತೆ."

"ಮತ್ತೆ?"

"ಹೊತ್ತು ಮುಳುಗೋದ್ರೊಳಗೆ ಒಂದ್ಸಲ ಆಚೆಗೋಗಿ ಬರ್ಬೇಕು."

"ಯಾರು?"

"ಯಾರಾದ್ರೂ ಸರಿ. ತೆಪ್ಪ ಹೋಗ್ಬೇಕು."

ಫೈಸಲ್ ತಂಗಿಯ ಮುಖ ನೋಡಿದ. ಅವಳಿಗೂ ಏನೂ ಅರ್ಥವಾಗಿರಲಿಲ್ಲ.

*

ಸರಗೂರಿನ ಹೊರಗೆ, ಕಬಿನಿಯ ದಡದಲ್ಲಿ, ನೀರಿನೊಳಕ್ಕೆ ಚಾಚಿಕೊಂಡ ಕಲ್ಲುಕಟ್ಟೆಯೊಂದಿದೆ. ಕಾಕನಕೋಟೆಯಿಂದ ತೇಲಿಬರುತ್ತಿದ್ದ ದಿಮ್ಮಿಗಳನ್ನು ಎಳೆದುಕೊಳ್ಳಲು ಅದನ್ನು ಕಟ್ಟಿದ್ದೆಂದು ಫೈಸಲನ ಅಪ್ಪ ಅಬ್ದುಲ್ ಅಜೀಜರ ತಂದೆ ಹೇಳುತ್ತಿದ್ದರು. ದಿಮ್ಮಿಗಳು ನಿಂತ ಮೇಲೆ ಅದು ಬುಟ್ಟಿಯಂಥ ದುಂಡು ತೆಪ್ಪದ ಕಟ್ಟೆಯಾಯಿತು. ಮೀಸೆ ಚಿಗುರುವ ವಯಸ್ಸಿಗೆ ಅಜೀಜರು ಅಲ್ಲಿ ಹುಟ್ಟು ಹಿಡಿದರು. ಸಂತೆಯ ದಿನ ಸೊಪ್ಪಿನ ಹೊರೆ, ಕೋಳಿ, ಜೇನಿನ ಡಬ್ಬ, ಮದುವಣಗಿತ್ತಿ, ಜ್ವರದ ಮಗು ಎಲ್ಲವೂ ಅವರ ತೆಪ್ಪದಲ್ಲೇ ದಾಟಬೇಕಿತ್ತು.

ಸೇತುವೆಯಾದ ಮೇಲೆ ದಾಟುವವರು ಇಲ್ಲವಾದರು. ಕಟ್ಟೆ ಮಾತ್ರ ಖಾಲಿಯಾಗಲಿಲ್ಲ. ಹಾಡಿಯವರು ಬಟ್ಟೆ ಒಗೆದರು, ಗಾಳ ಹಾಕಿದರು. ಮದುವೆಗೆ ಮುಂಚೆ ಫೋಟೊ ತೆಗೆಸುವ ಜೋಡಿಗಳು ಬಂದವು. ಆಮೇಲೆ ಕಂಠಪ್ಪನೆಂಬವನು ಪ್ರವಾಸಿಗರಿಗೆಂದು ಬಣ್ಣಬಣ್ಣದ ಪ್ಲಾಸ್ಟಿಕ್ ಬೋಟುಗಳನ್ನು ತಂದು ಮೇಲಿನ ಮೆಟ್ಟಿಲಿಗೆ ಕಬ್ಬಿಣದ ಗೇಟು ನಿಲ್ಲಿಸಿದ.

ಹೋದ ವರ್ಷ ರುಬೀನಾ ಅಪ್ಪನಿಗೆ ಬುತ್ತಿ ಒಯ್ದಾಗ ಅವರು ಆಚೆ ದಡದಿಂದ ಖಾಲಿ ತೆಪ್ಪದಲ್ಲಿ ಬರುತ್ತಿದ್ದರು.

"ಯಾರನ್ನ ಬಿಟ್ಟು ಬಂದ್ರಿ ಅಬ್ಬಾ?"

"ಯಾರಿಲ್ಲ."

"ಮತ್ತೆ ಯಾಕೆ ಹೋಗಿದ್ರಿ?"

"ಹೋಗ್ಬಂದೆ, ಅಷ್ಟೆ."

ಅಪ್ಪನಿಗೆ ಮರೆವಿನ ಕಾಯಿಲೆ ಶುರುವಾಯಿತೆಂದು ಅಣ್ಣತಂಗಿ ಹೆದರಿದರು. ಫೈಸಲ್ ಅವರನ್ನು ಮೈಸೂರಿಗೆ ಕರೆದೊಯ್ದ. ಇವತ್ತು ಯಾವ ವಾರ ಎಂದು ಡಾಕ್ಟರು ಕೇಳಿದಾಗ ಅಜೀಜರು ಸರಿಯಾಗಿ ಹೇಳಿ, ಬೇಗ ಬಿಟ್ಟರೆ ಬೆಳಕಿರುವಾಗಲೇ ಊರು ಸೇರಬಹುದು ಎಂದಿದ್ದರು.

*

"ಕಂಠಪ್ಪ ಗೇಟು ತಂದಾಗ ತಾಲ್ಲೂಕಾಫೀಸಿಂದ ಒಬ್ರು ಸಾಹೇಬ್ರು ಬಂದಿದ್ರು," ಎಂದಳು ನಿಂಗಿ. "ಜನ್ರ ತೆಪ್ಪ ದಿನಾ ಓಡಾಡೋಗಂಟ ಈ ಕಟ್ಟೆ ಜನ್ರದ್ದು, ನಿಂತೋದ ದಿನ ಬೋಟಿನೋರ್ದು ಅಂದ್ರು. ಅವತ್ತಿಂದ ಅಜೀಜಣ್ಣ ಒಂದಿನಾನೂ ತಪ್ಪಿಸ್ಲಿಲ್ಲ."

"ಅಂಥ ಕಾನೂನು ನಿಜವಾಗ್ಲೂ ಐತಾ?" ಫೈಸಲ್ ಕೇಳಿದ.

"ಗೊತ್ತಿಲ್ಲ ಕಣಪ್ಪ. ಅಜೀಜಣ್ಣಂಗೂ ಗೊತ್ತಿರ್ನಿಲ್ಲ."

ಜಗಲಿಯಲ್ಲಿದ್ದ ಹಿರಿಯರೊಬ್ಬರು, "ಮೊದಲು ಮಯ್ಯತ್ ಎತ್ತೋಣ, ಆಮೇಲೆ ಇದೆಲ್ಲ," ಎಂದರು. ಫೈಸಲ್‌ಗೆ ಸಿಟ್ಟು ಬರಬೇಕೋ ನಾಚಿಕೆಯಾಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಒಳಗಿನಿಂದ ತಾಯಿ ಫಾತಿಮುನ್ನೀಸಾ ಮಾತಾಡಿದರು.

"ಹುಟ್ಟು ಬಾಗಿಲ ಹಿಂದೆ ಐತೆ. ಕೊಡಿ."

"ನಿಮಗೆ ಗೊತ್ತಿತ್ತಾ ಅಮ್ಮಿ?"

"ಗೊತ್ತಿತ್ತು. ಮಕ್ಕಳು ನಗ್ತಾರೆ, ಹೇಳ್ಬೇಡ ಅಂದಿದ್ರು."

ರುಬೀನಾ ಹುಟ್ಟು ತಂದು ನಂಜುಂಡನ ಮುಂದೆ ಹಿಡಿದಳು. ಅವನು ಕೈಚಾಚಿದವನು ಮತ್ತೆ ಹಿಂದಕ್ಕೆಳೆದುಕೊಂಡ. ಮಯ್ಯತ್ ಹೊತ್ತ ಜನಾಜಾ ಅಂಗಳಕ್ಕೆ ಬಂದಿತ್ತು.

"ಅಕ್ಕಾ, ನಾನು ಎಗಲು ಕೊಡ್ಬೇಕು," ಎಂದ. "ನಿಮ್ಮಪ್ಪಾರು ಎತ್ಕೊಂಡು ಆಡ್ಸವ್ರೆ ನನ್ನ."

"ನೀನು ಹೆಗಲು ಕೊಡು. ತೆಪ್ಪ ನಾನು ಬಿಡ್ತೀನಿ."

"ನಿಮ್ಗೆ ಬತ್ತದಾ?"

"ಇಲ್ಲ."

ಗಂಡಸರ ಸಾಲು ಸೇತುವೆಯ ಕಡೆ ತಿರುಗಿತು. ಖಬರಸ್ತಾನವಿದ್ದದ್ದು ಆಚೆ. ಹೆಂಗಸರು ಗುಸುಗುಸು ಮಾಡುತ್ತಿರುವಾಗಲೇ ರುಬೀನಾ ನಿಂಗಿಯ ಜೊತೆ ಹೊಳೆಯ ಹಾದಿ ಹಿಡಿದಳು.

ಕಟ್ಟೆಯ ಮೇಲೆ ಕಂಠಪ್ಪ ಎದ್ದು ನಿಂತ. "ಇವತ್ತೊಂದಿನ ಬೇಡ ಬುಡವ್ವ. ನಾನೇನು ಗೇಟು ಹಾಕ್ತಿರ್ನಿಲ್ಲ," ಎಂದ.

ಹಾಕುತ್ತಿದ್ದನೋ ಇಲ್ಲವೋ ರುಬೀನಾಳಿಗೆ ತಿಳಿಯಲಿಲ್ಲ. ಅವನ ಮುಖ ನೋಡಿದರೆ ಅವನಿಗೂ ತಿಳಿದಂತಿರಲಿಲ್ಲ. ಅವಳು ತೆಪ್ಪಕ್ಕೆ ಕಾಲಿಟ್ಟಳು. ನಿಂಗಿ ಹಗ್ಗ ಬಿಚ್ಚಿ ತಾನೂ ಹತ್ತಿ ಕೂತಳು.

ನಾಲ್ಕು ಸಲ ಹುಟ್ಟು ಹಾಕುವುದರೊಳಗೆ ತೆಪ್ಪ ತಿರುಗತೊಡಗಿತು. ಕಟ್ಟೆ, ಸೇತುವೆ, ಆಚೆ ದಡ, ಮತ್ತೆ ಕಟ್ಟೆ. ಸೇತುವೆಯ ಮೇಲೆ ಬಿಳಿ ಟೋಪಿಗಳ ನಡುವೆ ಜನಾಜಾದ ಹಸಿರು ಚಾದರ ಒಮ್ಮೆ ಕಂಡಿತು. ತೆಪ್ಪ ಇನ್ನೊಂದು ಸುತ್ತು ಬರುವುದರೊಳಗೆ ಅದು ದಾಟಿಹೋಗಿತ್ತು.

"ಎತ್ತಾಗೆ ಹೋಯ್ತಿದೀವಿ?" ಎಂದು ಕೇಳಿದಳು ರುಬೀನಾ.

"ಮುಂದಕ್ ಬಗ್ಗಿ ನೀರ್ನ ನಿನ್ ಕಡೀಕೆ ಎಳ್ಕೊ," ಎಂದಳು ನಿಂಗಿ.

ರುಬೀನಾ ಮುಂದಕ್ಕೆ ಬಾಗಿ, ಕಣ್ಣು ಮುಚ್ಚಿ ಎಳೆದಳು. ಎಳೆದೇ ಎಳೆದಳು. ತೆಪ್ಪದ ತಳ ಆಚೆ ದಡದ ಮರಳಿಗೆ ತಾಗಿ ನಿಂತುಬಿಟ್ಟಿತ್ತು. ನಿಂಗಿ ಇಳಿದು ಹಗ್ಗ ಹಿಡಿದಿದ್ದಳು. ರುಬೀನಾ ಮಾತ್ರ ಕಣ್ಣು ತೆರೆಯದೆ ಗೇಣುದ್ದದ ನೀರಿಗೆ ಇನ್ನೂ ಹುಟ್ಟು ಹಾಕುತ್ತಲೇ ಇದ್ದಳು.