ಬೇರಿಯಂ ಮುದ್ದೆ

ಎಲ್ಲ ಕೆಂಪು, ಗೋಡೆ ಕೆಂಪು, ಬೇವಿನ ಮರ ಕೆಂಪು, ಅದರಾಚೆ ಹಾದುಹೋದ ಹನೂರಿನ ಬಸ್ಸು ಕೆಂಪು — ಅದು ಮೊದಲೇ ಕೆಂಪು — ಅಮ್ಮನ ನರೆಗೂದಲೂ ಕೆಂಪು, ಈ ಕನ್ನಡಕ ತೆಗೆಯುವ ಹಾಗಿಲ್ಲ, ಎಕ್ಸ್‌ರೇ ಕೋಣೆಯ ಕತ್ತಲಿಗೆ ಕಣ್ಣು ಒಗ್ಗಬೇಕಾದರೆ ಮೊದಲು ಹೀಗೆ ಕೆಂಪು ಗಾಜು ಹಾಕಿಕೊಂಡು ಕೂತಿರಬೇಕು, ಇಲ್ಲದಿದ್ದರೆ ಆ ಮಸುಕು ಹಸಿರು ತೆರೆಯ ಮೇಲೆ ಏನೂ ಕಾಣದು, ಆಸ್ಪತ್ರೆಯ ವರಾಂಡದಲ್ಲಿ ಓಡಾಡುವವರೆಲ್ಲ ನನ್ನ ಮುಖ ನೋಡಿ ಮುಸಿಮುಸಿ ನಗುತ್ತಾರೆ, ನಗಲಿ, ಈ ಕೊಳ್ಳೇಗಾಲಕ್ಕೆ ಡಾಕ್ಟರಾಗಿ ಬಂದ ದಿನದಿಂದ ನಗುತ್ತಲೇ ಇದ್ದಾರೆ, ಎಣ್ ಡಾಕ್ಟ್ರು ಎರಿಗೆ ಮಾಡ್ಸದ್ ಬುಟ್ಟು ಕರುಳ್ನ ಏನ್ ನೋಡೀರಿ ಕಣವ್ವ, ಅಂತ ಗೇಟಿನ ಹತ್ತಿರ ಹೂ ಮಾರುವ ಚಿಕ್ಕನಿಂಗಮ್ಮ ಕೇಳಿದ್ದಳು, ಕರುಳು ಹೇಗೆ ನಡೆಯುತ್ತದೆ ಅಂತ ನೋಡ್ತೀನಿ ಎಂದರೆ ಬಿದ್ದು ಬಿದ್ದು ನಕ್ಕಳು, ಕರುಳ್ಗೆ ಕಾಲ್ ಅದಾವಾ? ಇಲ್ಲ ಚಿಕ್ಕನಿಂಗಮ್ಮ, ಕಾಲಿಲ್ಲದೆ ನಡೆಯುತ್ತದೆ, ಅದಕ್ಕೇ ನಾನು ಅದರ ಬೆನ್ನು ಬಿದ್ದಿರುವುದು, ಎದುರಿನ ಅಡುಗೆಕೋಣೆಯಲ್ಲಿ ಅಮ್ಮ ಅಂಗೈ ಒದ್ದೆ ಮಾಡಿಕೊಂಡು ಮುದ್ದೆ ಕಟ್ಟುತ್ತಿದ್ದಾಳೆ, ಬೇರಿಯಂ ಬೆರೆಸಿದ ರಾಗಿಮುದ್ದೆ, ಬೇರಿಯಂ ಎಂದರೆ ಎಕ್ಸ್‌ರೇಗೆ ಅಡ್ಡ ನಿಲ್ಲುವ ಬಿಳಿ ಪುಡಿ, ಅದನ್ನು ತಿಂದರೆ ತಿಂದದ್ದು ಎಲ್ಲಿ ಹೋಯಿತು, ಎಲ್ಲಿ ನಿಂತಿತು ಎಲ್ಲ ತೆರೆಯ ಮೇಲೆ ಕಪ್ಪು ನೆರಳಾಗಿ ಕಾಣುತ್ತದೆ, ಅಮ್ಮನೇ ಕಟ್ಟಬೇಕು ಅಂತ ಹಟ ಹಿಡಿದವಳು ನಾನು, ಬ್ಯಾಡ ಕಣವ್ವ ಸಂಕ್ರಿ, ನನ್ ಕೈಯ ಇದುಕ್ ಸೇರುಸ್ಬ್ಯಾಡ, ಇವತ್ತೂ ಗಂಟ್ಲಲ್ ನಿಂತ್ರೆ ಏನಂದಾರು, ಅಂದಳು ಬೆಳಿಗ್ಗೆ, ಏನಂದಾರು ಎನ್ನುವುದು ನನಗೂ ಗೊತ್ತು, ಆದರೂ ಕಟ್ಟು ಅಂದೆ.

ಒದ್ದೆ ಅಂಗೈ, ಆ ಅಂಗೈ ಹೀಗೆ ಹೊಳೆದದ್ದನ್ನು ಮೊದಲು ಕಂಡದ್ದು ಬಂಡಳ್ಳಿಯ ಮನೆಯಲ್ಲಿ, ಐವತ್ತಾರನೇ ಇಸವಿ, ನಾನು ಲಂಗ ತೊಟ್ಟ ಹುಡುಗಿ, ಅಪ್ಪನ ತಾಯಿ, ನನ್ನ ಅಜ್ಜಿ, ಕಂಬಕ್ಕೆ ಬೆನ್ನು ಕೊಟ್ಟು ನಿಂತು ಎರಡೂ ಕೈ ಮೇಲಕ್ಕೆತ್ತಿ, ತಲೆ ಹಿಂದಕ್ಕೆ ಚೆಲ್ಲಿ, ನೀರು ಹುಯ್ಯಿ ಅನ್ನುತ್ತಾಳೆ, ಅಮ್ಮ ಚೊಂಬಿನಿಂದ ಬಾಯಿಗೆ ಹುಯ್ಯುತ್ತಾಳೆ, ತುತ್ತು ಎದೆಯಲ್ಲಿ ನಿಂತಿದೆ, ಮೊದಮೊದಲು ಗಂಜಿ ಇಳಿಯುತ್ತಿತ್ತು, ಮುದ್ದೆ ಇಳಿಯುತ್ತಿರಲಿಲ್ಲ, ಆಮೇಲೆ ಗಂಜಿಯೂ ನಿಂತಿತು, ಆರು ತಿಂಗಳಿಗೆ ಅಜ್ಜಿ ಒಣಗಿ ಕಡ್ಡಿಯಾದಳು, ಮದ್ದು, ಅಂದರೆ ಕೈವಿಷ, ಕೀಳುವವನು ಬಂದ, ಯಾವುದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ, ಕರ್ರಗಿನ ಉಂಡೆಯೊಂದನ್ನು ಎಲೆಯ ಮೇಲಿಟ್ಟು ತೋರಿಸಿದ, ನೋಡ್ಕಳಿ, ಊಟದಲ್ ಮದ್ದಿಕ್ಕವ್ರೆ, ಇಟ್ಟು ಕಟ್ಟದ್ ಯಾರು ಈ ಮನೇಲಿ? ಅಷ್ಟೇ, ಇಟ್ಟು ಎಂದರೆ ಮುದ್ದೆ, ಹೆಸರು ಹೇಳಲೂ ಇಲ್ಲ, ಎಲ್ಲರ ಕಣ್ಣು ಅಮ್ಮನ ಅಂಗೈಗೆ ತಿರುಗಿತು, ಅಜ್ಜಿ ತೀರಿಕೊಂಡ ಮೇಲೆ ಅಪ್ಪ ಜಗಲಿಯಲ್ಲಿ ತಲೆ ಬಗ್ಗಿಸಿ ಕೂತವನು ಅಮ್ಮನ ಪರ ನಿಲ್ಲಲಿಲ್ಲ, ಆಗ ತಾನೇ ನಮ್ಮ ಸೀಮೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿತ್ತು, ಅಮ್ಮ, ನಾನು ಇಬ್ಬರೇ ಬಂಡಳ್ಳಿ ಬಿಟ್ಟು ಯಳಂದೂರಿನ ಸೋದರಮಾವನ ಮನೆ ಸೇರಿದೆವು, ಅಲ್ಲಿಗೂ ಸುದ್ದಿ ನಮಗಿಂತ ಮೊದಲೇ ಬಂದು ಕೂತಿತ್ತು, ಮದುವೆ ಮನೆಗಳಲ್ಲಿ ಹೆಂಗಸರೆಲ್ಲ ಹೋಳಿಗೆ ತಟ್ಟುವಾಗ ಅಮ್ಮನಿಗೆ ಪಾತ್ರೆ ತೊಳೆಯುವ ಕೆಲಸ, ನೀರು ಸೇದುವ ಕೆಲಸ, ಹದಿನೆಂಟು ವರ್ಷ ಆ ಕೈ ಕಟ್ಟಿದ ಮುದ್ದೆ ತಿಂದವಳು ನಾನೊಬ್ಬಳೇ, ನೋಡಿ, ಗುಂಡುಕಲ್ಲಿನ ಹಾಗಿದ್ದೇನೆ.

ಮೊಲದ ಕರುಳಿನ ತುಂಡು, ಹೆಬ್ಬೆರಳಷ್ಟು, ಮೈಸೂರಿನ ಪ್ರಯೋಗಾಲಯದಲ್ಲಿ ಬೆಚ್ಚಗಿನ ಉಪ್ಪುನೀರಿನೊಳಗೆ ಇಳಿಬಿಟ್ಟಿದ್ದಾರೆ, ಮಸಿ ಹಿಡಿಸಿದ ಕಾಗದದ ಉರುಳೆ ತಿರುಗುತ್ತದೆ, ಕಡ್ಡಿ ಅದರ ಮೇಲೆ ಬೆಟ್ಟ ಕಣಿವೆ ಬೆಟ್ಟ ಕಣಿವೆ ಅಂತ ಗೆರೆ ಎಳೆಯುತ್ತದೆ, ಮೊಲ ಸತ್ತಿದೆ, ಕರುಳು ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಹಿಂಡುತ್ತಿದೆ, ಬಿಡುತ್ತಿದೆ, ಎಂಥ ಸಂತೋಷವಾಯಿತು ಅವತ್ತು, ಕಿರುಚಿಬಿಟ್ಟೆ, ಪಕ್ಕದ ಹುಡುಗರು ಹೆದರಿದಳು ಪಾಪ ಅಂದುಕೊಂಡರು, ಹೆದರಲಿಲ್ಲ ಕಣ್ರೋ, ಒಳಗೆ ಅದರದ್ದೇ ನರಗಳಿವೆ, ಆ ನರ ಸತ್ತರೆ ನಡಿಗೆ ನಿಲ್ಲುತ್ತದೆ, ಯಾರೂ ಏನೂ ಇಕ್ಕಬೇಕಾಗಿಲ್ಲ, ತಾನೇ ನಿಲ್ಲುತ್ತದೆ — ಅಜ್ಜಿ ಎತ್ತಿದ ಕೈಗಳು ಕಣ್ಣ ಮುಂದೆ ಬಂದವು, ಊರಿಗೆ ಓಡಿಹೋಗಿ ಅಮ್ಮನಿಗೆ ಹೇಳಿದರೆ ಅವಳು, ಮೊಲುದ್ ಕರುಳ್ ಮುಟ್ಟಿದ್ಯಾ, ಶಿವಶಿವಾ, ಕೈ ತೊಳ್ಕಂಡು ಇಬೂತಿ ಇಕ್ಕಂಡು ಒಳುಕ್ ಬಾ, ಅಂದಳು, ಇಟ್ಟುಕೊಂಡೆ, ಹಣೆ ತುಂಬ ಬಳಿದುಕೊಂಡೆ, ಆಮೇಲೆ ಪುಸ್ತಕದಲ್ಲಿ ಸಿಕ್ಕಿತು, ಅನ್ನನಾಳದ ತುದಿಯಲ್ಲಿ ಹೊಟ್ಟೆಗೆ ತೆರೆಯುವ ಒಂದು ಬಾಗಿಲು, ನುಂಗಿದಾಗ ತೆರೆಯಬೇಕು, ಕೆಲವರಲ್ಲಿ ಅದರ ನರ ಸತ್ತು ತೆರೆಯುವುದೇ ಇಲ್ಲ, ಪತ್ತೆಗೆ ಬೇರಿಯಂ ಹಾಲು ಕುಡಿಸಿ ಎಂದಿತ್ತು ಪುಸ್ತಕ, ಕುಡಿಸಿದೆ, ಶುರುವಿನ ರೋಗಿಗಳಲ್ಲಿ ಹಾಲು ಸರಾಗವಾಗಿ ಇಳಿದುಬಿಡುತ್ತದೆ, ಏನೂ ಇಲ್ಲ, ಮನಸ್ಸಿನ ಕಾಯಿಲೆ ಅಂತ ಬರೆದು ಕಳಿಸುತ್ತಾರೆ ದೊಡ್ಡ ಡಾಕ್ಟರುಗಳು, ಅಲ್ಲ ಸ್ವಾಮಿ, ಅವರು ಗಂಜಿ ಇಳಿಯುತ್ತದೆ, ಮುದ್ದೆ ನಿಲ್ಲುತ್ತದೆ ಅಂತ ಬಾಯಿಬಿಟ್ಟು ಹೇಳುತ್ತಿರುವಾಗ ಮುದ್ದೆಯನ್ನೇ ಕೊಟ್ಟು ನೋಡಬೇಕಲ್ಲವೇ, ಬೇರಿಯಂ ಬೆರೆಸಿ ಕೊಟ್ಟೆ, ನಿಂತದ್ದು ಕಂಡಿತು, ಬರೆದೆ, ನನ್ನ ಗುರುಗಳು, ಮುದ್ದೆಯನ್ನು ಜರ್ನಲ್ಲಿಗೆ ಕಳಿಸ್ತೀಯೇನಮ್ಮ, ಸಾರೂ ಜೊತೆಗೆ ಕಳಿಸು, ಅಂದರು, ಕಳಿಸಿದೆ, ಅಚ್ಚಾಯಿತು, ಮದ್ರಾಸಿನ ಸಮ್ಮೇಳನದಲ್ಲಿ ಬಿಳಿಗೂದಲಿನವರೊಬ್ಬರು ಎದ್ದು, ಇದನ್ನು ರೋಗಿ ಎಷ್ಟು ಸಲ ಅಗಿಯಬೇಕು ಎಂದು ಕೇಳಿದರು, ಅಗಿಯುವಂತಿಲ್ಲ ಸರ್, ಅಗಿದರೆ ಅದು ಮುದ್ದೆ ಉಣ್ಣುವುದೇ ಅಲ್ಲ, ನುಂಗಬೇಕು, ಎಂದೆ, ಸಭೆ ಗೊಳ್ಳೆಂದು ನಕ್ಕಿತು, ನಕ್ಕು ಮುಗಿಸಿ ಚಪ್ಪಾಳೆ ತಟ್ಟಿತು, ಆ ಚಪ್ಪಾಳೆ ಈಗಲೂ ಕಿವಿಯಲ್ಲಿದೆ, ಯಾಕೆ ಸುಳ್ಳು ಹೇಳಲಿ, ಆಗಾಗ ತೆಗೆದು ಕೇಳಿಕೊಳ್ಳುತ್ತೇನೆ.

ಆದರೆ ಚಪ್ಪಾಳೆ ಮದ್ರಾಸಿನಲ್ಲಿ, ಮದ್ದು ಬಂಡಳ್ಳಿಯಲ್ಲಿ, ಕಳೆದ ತಿಂಗಳು ಅದೇ ಬಂಡಳ್ಳಿಯಿಂದ ದೊಡ್ಡಬಸಮ್ಮ ಬಂದಳು, ಕೂತವಳು ಎದ್ದು ನಿಂತು ಎರಡೂ ಕೈ ಮೇಲೆತ್ತಿ, ತಲೆ ಹಿಂದಕ್ಕೆ ಚೆಲ್ಲಿ ನೀರು ಕೇಳಿದಳು, ನನಗೆ ಪರೀಕ್ಷೆಯೇ ಬೇಕಿರಲಿಲ್ಲ, ನನ್ ಸೊಸೆ ರಾಚಿ ಮದ್ದಿಕ್ಕವ್ಳೆ ಕಣವ್ವ, ಅಂದಳು, ಅವಳ ಮಗ ಗುರುಮಲ್ಲಪ್ಪ ಆಗಲೇ ಹೆಂಡತಿಯನ್ನು ಕೌದಳ್ಳಿಗೆ, ತವರಿಗೆ ಅಟ್ಟಿದ್ದ, ಈ ದೊಡ್ಡಬಸಮ್ಮ ನನಗೆ ಗೊತ್ತು, ಅಜ್ಜಿಯ ತಿಥಿಯ ದಿನ ಅಮ್ಮ ಕೊಟ್ಟ ಮಜ್ಜಿಗೆಯನ್ನು ಅಂಗಳಕ್ಕೆ ಚೆಲ್ಲಿದವಳು, ಇರಲಿ, ಕತ್ತಲ ಕೋಣೆಗೆ ತಾಯಿ ಮಗ ಇಬ್ಬರನ್ನೂ ಕರೆದುಕೊಂಡು ಹೋದೆ, ಮಗನ ಕಣ್ಣಾರೆ ತೋರಿಸಿದರೆ ರಾಚಮ್ಮ ಬಚಾವಾಗುತ್ತಾಳೆ ಎಂದುಕೊಂಡು, ಬೇರಿಯಂ ಮುದ್ದೆ ತಿನ್ನಿಸಿದೆ, ಹಸಿರು ತೆರೆಯ ಮೇಲೆ ಕರ್ರಗಿನ ಉಂಡೆ ಇಳಿಯಿತು, ಇಳಿಯಿತು, ಹಕ್ಕಿಯ ಕೊಕ್ಕಿನ ಹಾಗೆ ಚೂಪಾದ ಜಾಗದಲ್ಲಿ ಗಕ್ಕನೆ ನಿಂತಿತು, ನೋಡಪ್ಪ ಅನ್ನುವುದರೊಳಗೆ ಅವನು ಕಿರುಚಿದ — ಅದೇ ಕಣವ್ವೋ ಮದ್ದು, ಕರ್ರುಗ್ ಕುಂತದೆ ನೋಡು, ರಾಚಿ ಇಕ್ಕಿರ ಮದ್ದು! ಅಯ್ಯೋ, ನನ್ನ ಇಷ್ಟು ವರ್ಷದ ವಿದ್ಯೆ ಮದ್ದು ಕೀಳುವವನ ಎಲೆಯಾಗಿ ಹೋಯಿತಲ್ಲ, ಅದೇ ಪಾತ್ರೆಯ ಮುದ್ದೆ ನಾನೂ ನುಂಗಿ ತೆರೆಯ ಹಿಂದೆ ನಿಂತೆ, ಸರ್ರನೆ ಇಳಿಯಿತು, ನೋಡಿದೆಯಾ ಅಂದರೆ, ಇಟ್ನಲ್ ಇಲ್ಲ ಕಣವ್ವ, ಒಳಗ್ ಅಂಟ್ಕಂಡದೆ, ಅದುಕ್ಕೇ ಇಟ್ಟು ನಿಂತದೆ, ಅಂದ, ವಾದದಲ್ಲಿ ಬಲು ಗಟ್ಟಿ ಆಸಾಮಿ, ಸಿಟ್ಟು ನೆತ್ತಿಗೇರಿತು, ಹಾಗಾದರೆ ಕೇಳು, ನಾನು ಏನನ್ನೂ ಕೀಳುವುದಿಲ್ಲ, ಗಾಳಿ ತುಂಬುವ ಚೀಲವೊಂದನ್ನು ಒಳಗಿಳಿಸಿ ಆ ಬಾಗಿಲನ್ನು ಅಗಲ ಮಾಡುತ್ತೇನೆ, ಪಕ್ಕದಲ್ಲೇ ನಿಂತು ನೋಡು, ಉಂಡೆ ಗಿಂಡೆ ಹೊರಗೆ ಬಂದರೆ ನಿನ್ನ ಮಾತು ಗೆದ್ದಿತು, ಏನೂ ಬಾರದೆ ಮುದ್ದೆ ಇಳಿದರೆ ನೀನೇ ಕೌದಳ್ಳಿಗೆ ಹೋಗಿ ರಾಚಮ್ಮನನ್ನು ಕರೆತರಬೇಕು, ಆಯ್ತು ಅಂದ, ಮೊನ್ನೆ ಚೀಲ ಇಳಿಸಿದೆ, ಗಾಳಿ ತುಂಬಿದೆ, ತೆಗೆದೆ, ಅವನು ಚೀಲವನ್ನು ತಿರುವಿ ತಿರುವಿ ನೋಡಿದ, ಬರೀ ಚೀಲ, ಇವತ್ತು ಮುದ್ದೆ ಇಳಿಯಬೇಕು, ಅಮ್ಮ ಕಟ್ಟಿದ ಮುದ್ದೆ, ಇಳಿಯದೆ ಹೋದರೆ ರಾಚಮ್ಮನ ಜೊತೆಗೆ ಅಮ್ಮನೂ ಎರಡನೇ ಸಲ ಮುಳುಗುತ್ತಾಳೆ.

ಕತ್ತಲೆ, ದೊಡ್ಡಬಸಮ್ಮ, ಅವಳ ಮಗ, ತಟ್ಟೆ ಹಿಡಿದ ಅಮ್ಮ ಒಳಗೆ ಬಂದ ಮೇಲೆ ಬಾಗಿಲು ಹಾಕಿದೆ, ಕನ್ನಡಕ ತೆಗೆದೆ, ಯಂತ್ರದ ಗುಂಯ್ ಸದ್ದು, ಉಪ್ಸಾರಿನ ವಾಸನೆ, ಹಸಿರು ತೆರೆಯಲ್ಲಿ ದೊಡ್ಡಬಸಮ್ಮನ ಪಕ್ಕೆಲುಬು, ಪಟಪಟ ಅನ್ನುವ ಅವಳ ಎದೆ, ಉಣ್ಣಿ ಅಂದೆ, ಕೈ ಮುಂದೆ ಬರಲಿಲ್ಲ, ಯಾರು ಇಟ್ಟು ಕಟ್ಟಿದ್ದು, ಅಂತ ಕೇಳಿದಳು ಕತ್ತಲಲ್ಲಿ, ನಾನು ಬಾಯಿ ತೆರೆಯುವ ಮೊದಲೇ ಅಮ್ಮ, ನಾನು ಕಣಕ್ಕ, ಚನ್ನಾಜಿ, ಅಂದಳು, ಕೈ ಇನ್ನೂ ಬರಲಿಲ್ಲ, ತಿನ್ನಿ, ತಿನ್ನಿ ಮಹಾತಾಯಿ, ನಾನು ಮನಸ್ಸಿನಲ್ಲೇ ಮಾದಪ್ಪನಿಗೆ ಹರಕೆ ಹೊತ್ತುಬಿಟ್ಟೆ, ವಿಜ್ಞಾನಿ ಅಂತೆ, ಹೊತ್ತೆ ಏನೀಗ, ಆಮೇಲೆ ತಟ್ಟೆ ಅಲುಗಿದ ಸದ್ದು, ತುತ್ತು ಮುರಿದ ಸದ್ದು, ಸಾರಿನಲ್ಲಿ ಅದ್ದಿ ನುಂಗಿದಳು, ಕರಿ ಉಂಡೆ ತೆರೆಯ ಮೇಲೆ ಬಂತು, ಇಳಿಯಿತು, ಕೊಕ್ಕಿನ ಹತ್ತಿರ ಬಂತು, ನಿಂತಿತು — ನಿಂತಿತಲ್ಲ, ಅಯ್ಯೋ ನಿಂತಿತಲ್ಲ, ಅಜ್ಜಿ ಕೈ ಎತ್ತಿದ್ದಾಳೆ, ಎಲ್ಲರೂ ಅಂಗೈ ನೋಡುತ್ತಿದ್ದಾರೆ — ಬಾಗಿಲು ತೆರೆಯಿತು, ಜಾರಿತು, ಹೊಟ್ಟೆಯೊಳಗೆ ದೊಪ್ಪನೆ ಬಿತ್ತು, ಸದ್ದಿಲ್ಲ ಗೊತ್ತು, ನನಗೆ ಕೇಳಿಸಿತು, ಇನ್ನೊಂದು ತುತ್ತು, ನಿಲ್ಲಲೇ ಇಲ್ಲ, ಮತ್ತೊಂದು, ಸಾಕು ಅನ್ನುವುದರೊಳಗೆ ತಟ್ಟೆ ಬರಿದು, ಇಳೀತಲ್ಲವ್ವ, ಇಳೀತಲ್ಲ, ನನ್ ರಾಚೀನ ಏನ್ ಮಾಡ್ಬುಟ್ನವ್ವ ನಾನು, ಗುರುಮಲ್ಲಪ್ಪ ಗೋಡೆಗೊರಗಿ ಅಳುತ್ತಿದ್ದಾನೆ, ಅಳು ಮಾರಾಯ, ಚೆನ್ನಾಗಿ ಅಳು, ಅತ್ತು ಮುಗಿಸಿ ಕೌದಳ್ಳಿ ಬಸ್ಸು ಹತ್ತು, ಗೆದ್ದೆ, ಗೆದ್ದೆ ಅಮ್ಮಾ, ಬಾಗಿಲು ತೆರೆದರೆ ಬೇವಿನ ಮರ ಹಸಿರು, ಗೋಡೆ ಬಿಳಿ, ಎಲ್ಲದಕ್ಕೂ ಅದರದರ ಬಣ್ಣ, ದೊಡ್ಡಬಸಮ್ಮ ಕೈ ಎತ್ತಲಿಲ್ಲ, ನೀರು ಕೇಳಲಿಲ್ಲ, ಅಡುಗೆಕೋಣೆಯ ಹೊಸ್ತಿಲಲ್ಲಿ ಕಾಲು ಚಾಚಿ ಕೂತಳು, ಚನ್ನಾಜಿ, ನಂಗಿನ್ನೊಂದ್ ಇಟ್ಟ ಕಟ್ಕೊಡು, ಆ ಬಿಳೀ ಪುಡಿ ಇಲ್ದುದ್ದು, ಎಷ್ಟ್ ದಿನಾಯ್ತು ಒಟ್ಟೆ ತುಂಬ ಉಂಡು, ಅಂದಳು, ಒಲೆಯ ಮೇಲೆ ನನಗೂ ಅಮ್ಮನಿಗೂ ಎಂದು ಮಾಡಿದ್ದ ಬಿಸಿ ಹಿಟ್ಟು ಇತ್ತು, ಅಮ್ಮ ನೀರಿನಲ್ಲಿ ಕೈ ಅದ್ದಿದಳು, ಹಿಟ್ಟು ತೆಗೆದಳು, ಉಂಡೆ ಮಾಡಿದಳು, ಚಾಚಿದಳು, ದೊಡ್ಡಬಸಮ್ಮನ ಎರಡೂ ಕೈ ಕೆಳಗಿನಿಂದ ಬಂದವು, ಅಮ್ಮನ ಅಂಗೈ, ಅದರ ಮೇಲೆ ಹಬೆಯಾಡುವ ಮುದ್ದೆ, ಅಂಗೈ, ಒದ್ದೆ ಅಂಗೈ